ಬ್ಯಾಗ್ನಾಲ್ಡ್ ಬಳಸಿದ ನೆರಳಿನ ದಿಕ್ಸೂಚಿ: ತಾರಸಿ ಮೇಲೆ ಮಾಡುವುದು ಹೇಗೆ?

ರಾಲ್ಫ್ ಬ್ಯಾಗ್ನಾಲ್ಡ್ (1896–1990) ಅಂದ್ರೆ ನನಗೆ ತುಂಬಾ ಗೌರವ. ಬ್ರಿಟಿಷ್ ಸೇನೆಯ ಎಂಜಿನಿಯರ್. ಕೆಲಸದ ಮೇಲೆ ಈಜಿಪ್ಟಿಗೆ ಹೋದವರು, ರಜೆ ಸಿಕ್ಕರೆ ಗೆಳೆಯರ ಜೊತೆ ಫೋರ್ಡ್ ಕಾರುಗಳಲ್ಲಿ ಲಿಬಿಯಾ ಮರುಭೂಮಿಗೆ ಹೊರಟುಬಿಡುತ್ತಿದ್ದರು. ಮರಳಲ್ಲಿ ಹೂತುಹೋಗದಂತೆ ಟೈರಿನ ಗಾಳಿ ಇಳಿಸುತ್ತಿದ್ದರು. ರೇಡಿಯೇಟರ್ ಕುದಿದು ಹೊರಡುವ ಆವಿಯನ್ನು ಹಿಡಿದು, ನೀರಾಗಿಸಿ, ವಾಪಸ್ ತುಂಬುತ್ತಿದ್ದರು. ಆಮೇಲೆ ಲಂಡನ್ನಿನಲ್ಲಿ ಗಾಳಿ ಸುರಂಗ ಕಟ್ಟಿ, ಮರಳು ಹೇಗೆ ಹಾರುತ್ತೆ ಅಂತ ಅಳೆದರು. 1941ರಲ್ಲಿ ಅದರ ಪುಸ್ತಕ ಬಂತು. ಮಂಗಳ ಗ್ರಹದಲ್ಲೂ ಅವರ ಹೆಸರಿನ ಮರಳು ದಿಬ್ಬಗಳಿವೆ.

ಈ ಕಥೆಯನ್ನು ಮಕ್ಕಳಿಗೆ ಹೇಳುವಾಗ ನಾನು ಇಸವಿಗಳಿಂದ ಶುರು ಮಾಡುವುದಿಲ್ಲ. ಜಯನಗರದ ನಮ್ಮ ಬೀದಿಯಲ್ಲಿ ನಿಂತ ಕಾರಿನ ಬಾನೆಟ್ ಮೇಲೆ ಒಂದು ದಿಕ್ಸೂಚಿ ಇಡಿಸುತ್ತೇನೆ. ಕಬ್ಬಿಣದ ಸಹವಾಸಕ್ಕೆ ಮುಳ್ಳು ಪಕ್ಕಕ್ಕೆ ವಾಲುತ್ತೆ. ಗುರುತೇ ಇಲ್ಲದ ಮರಳಲ್ಲಿ ಹೀಗಾದರೆ ಪ್ರಾಣಕ್ಕೇ ಕುತ್ತು, ಅಲ್ವಾ? ಅದಕ್ಕೇ ಬ್ಯಾಗ್ನಾಲ್ಡ್ ನೆರಳನ್ನು ನಂಬಿದರು.

ಈಗ ತಾರಸಿಗೆ ಬನ್ನಿ. 40 ಸೆಂ.ಮೀ. ಚೌಕದ ಹಲಗೆ ಸಾಕು. ನಡುವೆ ಸೈಕಲ್ ಕಡ್ಡಿ ನಿಲ್ಲಿಸಿ, 10 ಸೆಂ.ಮೀ. ಮೇಲೆ ಕಾಣಬೇಕು. ಗಾರೆಯವರ ರಸಮಟ್ಟ ಇಟ್ಟು ಹಲಗೆ ಸಮ ಮಾಡಿ. ಕಡ್ಡಿ ನೆಟ್ಟಗಿದೆಯಾ ಅಂತ ಮೂಲೆಮಟ್ಟ ಹಿಡಿದು ನೋಡಿ. ಇಲ್ಲಿ ಅವಸರ ಬೇಡ, ಕಡ್ಡಿ ವಾಲಿದರೆ ಮುಂದಿನದೆಲ್ಲ ದಂಡ. ಕಡ್ಡಿಯ ಸುತ್ತ 10 ಸೆಂ.ಮೀ. ತ್ರಿಜ್ಯದ ವೃತ್ತ ಎಳೆಯಿರಿ.

ಬೆಳಿಗ್ಗೆ ನೆರಳು ಉದ್ದ. ಕುಗ್ಗುತ್ತಾ ಬಂದು ಅದರ ತುದಿ ವೃತ್ತವನ್ನು ಮುಟ್ಟಿದಾಗ ಒಂದು ಚುಕ್ಕೆ ಇಡಿ. ಮಧ್ಯಾಹ್ನದ ಮೇಲೆ ಬೆಳೆದು ಮತ್ತೆ ಮುಟ್ಟಿದಾಗ ಇನ್ನೊಂದು. ಎರಡನ್ನೂ ಸೇರಿಸಿದರೆ ಪಡುವಣ–ಮೂಡಣ ಗೆರೆ. ಬೆಳಗಿನ ಚುಕ್ಕೆಯೇ ಪಡುವಣ. ಅದಕ್ಕೆ ಲಂಬವಾಗಿ ಬಡಗಣಕ್ಕೆ ಬಾಣ ಬರೆಯಿರಿ. ಅದೇ ದಿನ 9ರಿಂದ 3ರವರೆಗೆ ಗಂಟೆಗೊಮ್ಮೆ ನೆರಳಿನ ಗೆರೆ ಎಳೆದು ಸಮಯ ಬರೆಯಿರಿ. ಹಲಗೆ ಅಲ್ಲಾಡಬಾರದು.

ಮಾರನೇ ದಿನ ಹಲಗೆಯನ್ನು ಲಾಲ್‌ಬಾಗ್ ಬಂಡೆಗೆ ಒಯ್ಯಿರಿ. 11 ಗಂಟೆಗೆ ನೆರಳು 11ರ ಗೆರೆಗೆ ಕೂರುವಂತೆ ಹಲಗೆ ತಿರುಗಿಸಿ. ಬಾಣ ತೋರಿಸುವುದೇ ಬಡಗಣ.

ಸೂರ್ಯನ ದಾರಿ ದಿನದಿನಕ್ಕೂ ಸರಿಯುವುದರಿಂದ ವಾರ ಕಳೆದ ಮೇಲೆ ಗೆರೆಗಳನ್ನು ಹೊಸದಾಗಿ ಎಳೆಯಬೇಕು. ಜನವರಿ, ಫೆಬ್ರವರಿ ಇದಕ್ಕೆ ಒಳ್ಳೆಯ ಕಾಲ. ಏಪ್ರಿಲ್ 24, ಆಗಸ್ಟ್ 18ರ ಆಸುಪಾಸು ಬೇಡ. ಆಗ ನಡುಹಗಲಲ್ಲಿ ಸೂರ್ಯ ಬೆಂಗಳೂರಿನ ನೆತ್ತಿ ಮೇಲೇ ಇರುತ್ತಾನೆ, ಕಡ್ಡಿಗೆ ನೆರಳೇ ಇರುವುದಿಲ್ಲ.