ಹಿರಿಯರ ಮರೆವಿಗೆ ವಯಸ್ಸನ್ನೇ ದೂರುವ ಮೊದಲು

ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುವುದು, ಎದುರಿಗೆ ಬಂದವರ ಹೆಸರು ನಾಲಿಗೆ ತುದಿಯಲ್ಲೇ ನಿಂತುಬಿಡುವುದು, ಇದಕ್ಕೆಲ್ಲ ಹೆದರಬೇಕಿಲ್ಲ. ಆಮೇಲಾದರೂ ನೆನಪಾಗುತ್ತದೆ ಅಲ್ವಾ? ಆದರೆ ವರ್ಷಗಟ್ಟಲೆ ತೋಟದ ಬಟವಾಡೆ ಲೆಕ್ಕ ಬರೆದವರು ಈಗ ಚಿಲ್ಲರೆ ಎಣಿಸಲು ತಡವರಿಸುತ್ತಿದ್ದರೆ, ಚಿಕ್ಕಮಗಳೂರು ಪೇಟೆಯಿಂದ ಮನೆಗೆ ಬರುವ ದಾರಿಯೇ ತಪ್ಪಿದರೆ, ಕಾಫಿ ಕುಡಿದ ಲೋಟ ಕೆಳಗಿಟ್ಟು "ನಂಗೆ ಕಾಫಿ ಕೊಡಲೇ ಇಲ್ಲ" ಅಂತ ದಿನಾ ಕೇಳುತ್ತಿದ್ದರೆ, ಡಾಕ್ಟರಿಗೆ ತೋರಿಸಲೇಬೇಕು.

ಮೊದಲು ಕಿವಿ ನೋಡಿಸಿ. ಹೇಳಿದ್ದು ಕಿವಿಗೇ ಬೀಳದಿದ್ದರೆ ನೆನಪಿರುವುದು ಹೇಗೆ? ಎಷ್ಟೋ ಮನೆಗಳಲ್ಲಿ ಮರೆವು ಅಂದುಕೊಂಡಿದ್ದು ಬರೀ ಕಿವುಡು. ಗುಗ್ಗೆ ಕಟ್ಟಿರಬಹುದು, ಇಲ್ಲಾ ಮಷೀನು ಬೇಕಾಗಬಹುದು.

ಆಮೇಲೆ ಮಾತ್ರೆ. ಮನೆಯಲ್ಲಿರುವ ಅಷ್ಟೂ ಮಾತ್ರೆಗಳನ್ನು, ಅಂಗಡಿಯಲ್ಲಿ ಕೇಳಿ ತಂದಿದ್ದೂ ಸೇರಿ, ಒಂದು ಕವರಿಗೆ ಹಾಕಿಕೊಂಡು ಹೋಗಿ. ನಿದ್ದೆ ಮಾತ್ರೆ ಮತ್ತು ಕೆಲವು ನೆಗಡಿ ಮಾತ್ರೆಗಳು ವಯಸ್ಸಾದವರ ತಲೆಯನ್ನು ಮಂಕು ಮಾಡುತ್ತವೆ. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್, ಗ್ಯಾಸ್ಟ್ರಿಕ್‌ಗೆ ನುಂಗುವ ಒಮೆಪ್ರಜೋಲ್, ಇವನ್ನು ವರ್ಷಗಟ್ಟಲೆ ತೆಗೆದುಕೊಂಡರೆ ನೆನಪಿಗೆ ಬೇಕಾದ ಬಿ12 ವಿಟಮಿನ್ ಕಡಿಮೆಯಾಗಬಹುದು. ಸಸ್ಯಾಹಾರಿಗಳಲ್ಲಿ ಅದು ಮೊದಲೇ ಕಡಿಮೆ ಇರಬಹುದು. ಹಾಗಂತ ನೀವೇ ಮಾತ್ರೆ ನಿಲ್ಲಿಸಬೇಡಿ. ಬಿ12, ಥೈರಾಯ್ಡ್, ಶುಗರ್ ರಕ್ತಪರೀಕ್ಷೆ ಮಾಡಿಸಿ. ಸಂಗಾತಿ ಹೋದ ಮೇಲೆ ಮಂಕಾಗಿ ಕೂತವರಿಗೆ ಖಿನ್ನತೆಯೂ ಇರಬಹುದು. ಇವೆಲ್ಲ ಚಿಕಿತ್ಸೆಗೆ ಬಗ್ಗುವಂಥವು.

ನಿನ್ನೆ ಚೆನ್ನಾಗಿದ್ದವರು ಇವತ್ತು ಗೊಂದಲದಲ್ಲಿ ಏನೇನೋ ಮಾತಾಡಿದರೆ, ಬಿದ್ದು ತಲೆಗೆ ಪೆಟ್ಟಾದ ಕೆಲವು ವಾರಕ್ಕೆ ಮಂಪರು ಶುರುವಾದರೆ, ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೊರಡಿ. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಅನ್ನೋ ಉಪ್ಪಿನಂಶ ಇಳಿದಿರುವುದು, ತಲೆಯೊಳಗೆ ರಕ್ತಸ್ರಾವ, ಏನು ಬೇಕಾದರೂ ಇರಬಹುದು.

ಇನ್ನು ಬುದ್ಧಿ ಚುರುಕಾಗಿಡುವ ವಿಷಯ. ಟಾನಿಕ್ಕಿಗೆ ದುಡ್ಡು ಸುರಿಯಬೇಡಿ. ಬಿಪಿ, ಶುಗರ್ ಹತೋಟಿಯಲ್ಲಿರಲಿ. ವಾರಕ್ಕೆ 150 ನಿಮಿಷ ಚುರುಕು ನಡಿಗೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಮಳೆಗಾಲದಲ್ಲಿ ಅದು ಸುಲಭವಲ್ಲ, ಕಾಫಿ ಒಣಗಿಸುವ ಕಣ ಪಾಚಿ ಕಟ್ಟಿ ಜಾರುತ್ತದೆ, ಹಾಗಾಗಿ ಜಗಲಿಯಲ್ಲೇ ಹತ್ತತ್ತು ನಿಮಿಷ ಓಡಾಡಲಿ. ದಿನಾ ಅದೇ ಸುಡೊಕು ತುಂಬಿದರೆ ಸುಡೊಕು ಚೆನ್ನಾಗಿ ಬರುತ್ತದೆ, ಅಷ್ಟೇ. ಅದಕ್ಕಿಂತ ನಾಲ್ಕು ಜನ ಕೂತು ಚೌಕಾಬಾರ ಆಡುವುದು ಮೇಲು. ಅದರಲ್ಲಿ ಲೆಕ್ಕ ಇದೆ, ಮಾತಿದೆ, ಜಗಳವೂ ಇದೆ.

ಮುಖ್ಯವಾಗಿ, ಪ್ರೀತಿಯ ಹೆಸರಲ್ಲಿ ಅವರ ಕೆಲಸ ಕಿತ್ತುಕೊಳ್ಳಬೇಡಿ. ಹಾಲಿನ ಲೆಕ್ಕ ಅಜ್ಜಿಯೇ ಬರೆಯಲಿ. ತಪ್ಪಿದರೆ ಪಕ್ಕದಲ್ಲಿ ಕೂತು ಇನ್ನೊಂದು ಸಲ ಕೂಡಿಸಿ. ಯಾವತ್ತು, ಎಲ್ಲಿ ತಪ್ಪಿತು ಅಂತ ತಾರೀಕು ಹಾಕಿ ಬೇರೆ ಪುಸ್ತಕದಲ್ಲಿ ಗುರುತಿಟ್ಟುಕೊಳ್ಳಿ. ಡಾಕ್ಟರು ಮೊದಲು ಕೇಳುವುದೇ ಅದನ್ನು, ಯಾವಾಗ ಶುರುವಾಯ್ತು, ಜಾಸ್ತಿ ಆಗ್ತಿದೆಯಾ ಅಂತ.