3 ಗಂಟೆಯೋ, 22 ನಿಮಿಷವೋ: ನೀರಿನ ವಾರ್ಷಿಕ ವರದಿ ಬರೆದ ನನ್ನ ಅನುಭವ

ಗದಗ ಜಿಲ್ಲೆಯ ಪಟ್ಟಣವೊಂದರ ನೀರು ಸರಬರಾಜು ವಿಭಾಗದಲ್ಲಿ ಕಿರಿಯ ಎಂಜಿನಿಯರನಾಗಿದ್ದಾಗ ಸೇವಾ ಮಟ್ಟದ ಮಾನದಂಡಗಳ ವಾರ್ಷಿಕ ನಮೂನೆ ತುಂಬುವ ಕೆಲಸ ನನ್ನ ಪಾಲಿಗೆ ಬಂತು. ಕೇಂದ್ರ ನಗರಾಭಿವೃದ್ಧಿ ಸಚಿವಾಲಯ 2008ರಲ್ಲಿ ರೂಪಿಸಿದ ಈ ಮಾನದಂಡಗಳನ್ನು 13ನೇ ಹಣಕಾಸು ಆಯೋಗವು ಅನುದಾನದ ಷರತ್ತಿಗೆ ಸೇರಿಸಿದ್ದರಿಂದ, ತಲಾ ದಿನಕ್ಕೆ 135 ಲೀಟರ್, 24 ಗಂಟೆಯ ಪೂರೈಕೆ, ವರಮಾನ ತರದ ನೀರು (ಸೋರಿಯೋ ಬಿಲ್ ಆಗದೆಯೋ ಶುಲ್ಕ ಬಾರದೆ ಹೋಗುವ ನೀರು) ಶೇ. 20 ಎಂಬ ಗುರಿಗಳ ಎದುರು ಊರಿನ ಸ್ಥಿತಿಯನ್ನು ಬರೆದು ಪ್ರಕಟಿಸಬೇಕಾಗಿತ್ತು.

ಹಿಂದಿನ ವರ್ಷದ ನಮೂನೆಯಲ್ಲಿ ಪೂರೈಕೆಯ ಅವಧಿ ‘ದಿನಕ್ಕೆ 3 ಗಂಟೆ’ ಎಂದಿತ್ತು. ಆದರೆ ಒಂದು ಓಣಿಗೆ ನೀರು ಬಿಡುತ್ತಿದ್ದದ್ದು 8 ದಿನಕ್ಕೊಮ್ಮೆ. ಮಾನದಂಡ ಕೇಳುವುದು ದಿನದ ಸರಾಸರಿಯನ್ನು. 3 ಗಂಟೆಯನ್ನು 8 ದಿನಕ್ಕೆ ಹಂಚಿದರೆ ಸಿಗುವುದು ಸುಮಾರು 22 ನಿಮಿಷ. ಈ ವ್ಯತ್ಯಾಸ ಕೇವಲ ಕಾಗದದ್ದಲ್ಲ. ಜಿಲ್ಲೆಯ ಹಲವೆಡೆ, ಮುಖ್ಯವಾಗಿ ಮುಂಡರಗಿ ಭಾಗದಲ್ಲಿ, ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ನದಿಯ ನೀರು ತಡವಾದಷ್ಟೂ ಜನ ಆ ನೀರನ್ನೇ ನೆಚ್ಚಬೇಕಾಗುತ್ತದೆ.

ವಾಲ್ವ್‌ಮನ್‌ಗಳ ದಾಖಲೆ ಪುಸ್ತಕವನ್ನು ಹಿಡಿದು ಓಣಿ ಓಣಿ ತಿರುಗಿದೆ. ಪೈಪಿನ ಕೊನೆಯಲ್ಲಿದ್ದ ಮನೆಯ ಅಜ್ಜಿಯೊಬ್ಬರು, “ಸಾಹೇಬ್ರ, ನೀವು ವಾಲ್ವ್ ತಿರುವಿದ ಹೊತ್ತು ಬರಕೊಂತೀರಿ, ನಮ್ಮ ನಳಕ್ಕ ನೀರು ಬರೂ ಹೊತ್ತು ಬ್ಯಾರೆ” ಎಂದು ಗೋಡೆಯ ಕ್ಯಾಲೆಂಡರ್ ತೋರಿಸಿದರು. ನೀರು ಬಂದ ದಿನಗಳಿಗೆಲ್ಲ ಅವರು ಪೆನ್ನಿನಿಂದ ಸುತ್ತು ಹಾಕಿಟ್ಟಿದ್ದರು. ಅಂದಿನಿಂದ ಪ್ರತಿ ವಲಯದ ಕೊನೆಯ ಕೆಲವು ಮನೆಗಳಲ್ಲಿ ನೀರು ಬಂದ ಮತ್ತು ನಿಂತ ಹೊತ್ತನ್ನು ಕ್ಯಾಲೆಂಡರ್ ಮೇಲೆಯೇ ಬರೆದಿಡಲು ವಿನಂತಿಸಿಕೊಂಡೆ. ನನ್ನ ಮಟ್ಟಿಗೆ ಅದಕ್ಕಿಂತ ನಂಬಲರ್ಹ ದಾಖಲೆ ಕಚೇರಿಯಲ್ಲಿ ಇರಲಿಲ್ಲ.

ನೀರಿನ ಪ್ರಮಾಣದ ಲೆಕ್ಕವೂ ಹೀಗೆಯೇ ಇತ್ತು. ಪಂಪಿನ ಫಲಕದಲ್ಲಿ ಬರೆದ ಸಾಮರ್ಥ್ಯವನ್ನು ಗಂಟೆಗಳಿಂದ ಗುಣಿಸಿ ಉತ್ಪಾದನೆ ಎಂದು ತೋರಿಸಲಾಗುತ್ತಿತ್ತು. ಸವೆದ ಪಂಪು ಅಷ್ಟು ನೀರು ಎತ್ತುವುದಿಲ್ಲ, ಕರೆಂಟು ಹೋದ ಹೊತ್ತೂ ಎಷ್ಟೋ ಸಲ ಲೆಕ್ಕದಲ್ಲಿ ಉಳಿದುಬಿಡುತ್ತದೆ. ಮುಖ್ಯ ಕೊಳವೆಯಲ್ಲಿ ಹರಿಯುವ ಒಟ್ಟು ನೀರನ್ನು ಅಳೆಯುವ ಬಲ್ಕ್ ಮೀಟರ್ ಇಲ್ಲದ ಕಾರಣ, ಹೊರಹೋಗುವ ವಾಲ್ವನ್ನು ಮುಚ್ಚಿಸಿ, ಮೇಲ್ಮಟ್ಟದ ಟ್ಯಾಂಕಿನಲ್ಲಿ ಗಂಟೆಗೆ ನೀರು ಎಷ್ಟು ಏರುತ್ತದೆ ಎಂದು ಅಳತೆಪಟ್ಟಿ ಇಳಿಬಿಟ್ಟು ಅಳೆದೆವು. 12 ಮೀಟರ್ ವ್ಯಾಸದ ದುಂಡನೆಯ ಟ್ಯಾಂಕಿನಲ್ಲಿ ನೀರು 1 ಮೀಟರ್ ಏರಿದರೆ ಬಂದದ್ದು ಸುಮಾರು 1.13 ಲಕ್ಷ ಲೀಟರ್. ಬೇರೆ ಬೇರೆ ದಿನ ಅಳೆದಾಗಲೂ ಫಲಕದ ಲೆಕ್ಕಕ್ಕಿಂತ ಕಡಿಮೆಯೇ ಸಿಕ್ಕಿತು.

ಮನೆಗಳಲ್ಲಿ ಮೀಟರ್ ಇಲ್ಲದಿರುವಾಗ ವರಮಾನ ತರದ ನೀರಿನ ಅಂಕಿ ಅಂದಾಜಷ್ಟೇ ಆಗಿತ್ತು. ಮಾನದಂಡದಲ್ಲಿ ಅಂಕಿಗಳ ವಿಶ್ವಾಸಾರ್ಹತೆಗೆ ‘ಎ’ಯಿಂದ ‘ಡಿ’ವರೆಗೆ ಶ್ರೇಣಿಗಳಿವೆ, ಈ ಅಂಕಿಗೆ ತೀರ ಕೆಳಗಿನ ‘ಡಿ’ ಎಂದೇ ಬರೆದೆ. ಕುಡಿಯುವ ನೀರಿನಲ್ಲಿ ಉಳಿಕೆ ಕ್ಲೋರಿನ್ (ಶುದ್ಧೀಕರಣದ ನಂತರವೂ ನೀರಿನಲ್ಲಿ ಉಳಿಯುವ ಕ್ಲೋರಿನ್) ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕೆಂಬ ನಿಯಮವಿದೆ. ಆ ಮಾದರಿಗಳನ್ನೂ ಟ್ಯಾಂಕಿನ ಬುಡದಲ್ಲಿ ತೆಗೆಯುವುದನ್ನು ಬಿಟ್ಟು ಕೊನೆಯ ನಳದಲ್ಲಿ ತೆಗೆಯಲಾರಂಭಿಸಿದೆವು.

ನಿರೀಕ್ಷಿಸಿದಂತೆ ಪರಿಶೀಲನಾ ಸಭೆಯಲ್ಲಿ, ಒಂದೇ ವರ್ಷದಲ್ಲಿ ಪೂರೈಕೆ ಇಷ್ಟು ಕುಸಿದದ್ದೇಕೆ ಎಂಬ ಪ್ರಶ್ನೆ ಬಂತು. ಕುಸಿದದ್ದು ಪೂರೈಕೆಯಲ್ಲ, ಬದಲಾದದ್ದು ಅಳೆಯುವ ಕ್ರಮ ಎಂದು ವಿವರಿಸಿ, ಟ್ಯಾಂಕಿನ ಅಳತೆಗಳನ್ನೂ ಕ್ಯಾಲೆಂಡರ್ ಹಾಳೆಗಳ ನಕಲುಗಳನ್ನೂ ಮೇಜಿನ ಮೇಲಿಟ್ಟೆ. ಅಂಕಿಯನ್ನು ತಿದ್ದಿ ತರುವಂತೆ ಯಾರೂ ಹೇಳಲಿಲ್ಲ. ಬಲ್ಕ್ ಮೀಟರಿನ ಅಂದಾಜು ಪಟ್ಟಿಯನ್ನು ಸಲ್ಲಿಸಲು ಮಾತ್ರ ಸೂಚಿಸಿದರು, ಮರುವಾರವೇ ಸಲ್ಲಿಸಿದೆ.