ಕಪ್ಪು ಶಾಯಿಯಲ್ಲಿ ಅಡಗಿದ ಬಣ್ಣಗಳನ್ನು ಬೇರ್ಪಡಿಸುವುದು ಹೇಗೆ?

ಕಪ್ಪು ಸ್ಕೆಚ್ ಪೆನ್ನಿನ ಶಾಯಿ ಹೆಚ್ಚಾಗಿ ಹಲವು ಬಣ್ಣಗಳ ಮಿಶ್ರಣವಾಗಿರುತ್ತದೆ. ಪೇಪರ್ ಕ್ರೊಮ್ಯಾಟೋಗ್ರಫಿಯಿಂದ, ಅಂದರೆ ಕಾಗದದಲ್ಲಿ ಏರುವ ದ್ರವದ ನೆರವಿನಿಂದ, ಅವುಗಳನ್ನು ಬೇರ್ಪಡಿಸಲು ಫಿಲ್ಟರ್ ಕಾಗದದ ಪಟ್ಟಿ, ಮುಚ್ಚಳವಿರುವ ಎತ್ತರದ ಗಾಜಿನ ಜಾಡಿ, ನೀರು, ಪೆನ್ಸಿಲ್ ಮತ್ತು ಅಳತೆಪಟ್ಟಿ ಸಾಕು. ಶಾಯಿ ಮಾತ್ರ ನೀರಿನಲ್ಲಿ ಕರಗುವಂಥದ್ದಾಗಿರಬೇಕು.

ಪಟ್ಟಿಯ ಕೆಳತುದಿಯಿಂದ 2 ಸೆಂ.ಮೀ. ಮೇಲೆ ಪೆನ್ಸಿಲಿನಿಂದ ತೆಳುವಾದ ಅಡ್ಡಗೆರೆ ಎಳೆಯಿರಿ. ಪೆನ್ನಿನಲ್ಲಿ ಎಳೆದರೆ ಗೆರೆಯ ಶಾಯಿಯೂ ನೀರಿನೊಡನೆ ಮೇಲೇರಿಬಿಡುತ್ತದೆ. ಪೆನ್ಸಿಲಿನ ಗ್ರಾಫೈಟ್ ಕರಗುವುದಿಲ್ಲ. ಗೆರೆಯ ನಡುವೆ ಶಾಯಿಯ ಚುಕ್ಕೆ ಇಡಬೇಕು. ಪ್ರಯೋಗ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಬಣ್ಣ ಗಾಢವಾಗಿ ಬರಲೆಂದು ಪೆನ್ನನ್ನು ಒತ್ತಿ ಹಿಡಿದರೆ ಶಾಯಿ ಅಗಲಕ್ಕೆ ಹರಡಿ, ಬಣ್ಣಗಳು ಏರುವಾಗ ಒಂದರ ಮೇಲೊಂದು ಬಿದ್ದು ಬಾಲದಂತೆ ಎಳೆದುಕೊಳ್ಳುತ್ತವೆ. ಸುಮಾರು 2 ಮಿ.ಮೀ. ಚುಕ್ಕೆ ಇಟ್ಟು, ಅದು ಪೂರ್ತಿ ಒಣಗಿದ ಮೇಲೆ ಅದೇ ಜಾಗದಲ್ಲಿ ಇನ್ನೆರಡು ಮೂರು ಬಾರಿ ಮುಟ್ಟಿಸಿ.

ಜಾಡಿಯಲ್ಲಿ 1 ಸೆಂ.ಮೀ.ನಷ್ಟು ನೀರು ಹಾಕಿ, ಪಟ್ಟಿಯ ತುದಿ ಮಾತ್ರ ಮುಳುಗುವಂತೆ, ಗೋಡೆಗೆ ತಾಗದಂತೆ ನೇತುಹಾಕಿ ಮುಚ್ಚಿ. ಚುಕ್ಕೆ ನೀರಿನ ಮಟ್ಟಕ್ಕಿಂತ ಮೇಲಿರಬೇಕು. ಮುಳುಗಿದರೆ ಶಾಯಿ ಜಾಡಿಯ ನೀರಿಗೇ ಕರಗಿಹೋಗುತ್ತದೆ. ಕಾಗದದ ಸೂಕ್ಷ್ಮ ರಂಧ್ರಗಳಲ್ಲಿ ನೀರು ಲೋಮನಾಳ ಕ್ರಿಯೆಯಿಂದ ಏರುತ್ತದೆ. ನೀರಿನಲ್ಲಿ ಚೆನ್ನಾಗಿ ಕರಗುವ ಬಣ್ಣ ಅದರ ಜೊತೆಗೇ ದೂರ ಸಾಗಿದರೆ, ಸೆಲ್ಯುಲೋಸ್ ನಾರುಗಳಿಗೆ ಹೆಚ್ಚು ಅಂಟಿಕೊಳ್ಳುವ ಬಣ್ಣ ಹಿಂದೆ ಉಳಿಯುತ್ತದೆ.

ನೀರು ಮೇಲಂಚಿಗೆ 1 ಸೆಂ.ಮೀ. ಇರುವಾಗ ಪಟ್ಟಿಯನ್ನು ಹೊರತೆಗೆದು, ನೀರು ತಲುಪಿದ ಅಂಚನ್ನು ಒಡನೆಯೇ ಪೆನ್ಸಿಲಿನಿಂದ ಗುರುತಿಸಿ. ಒಣಗಿದ ಮೇಲೆ ಆ ಅಂಚು ಕಾಣುವುದಿಲ್ಲ. ಬಳಿಕ ಅಡ್ಡಗೆರೆಯಿಂದ ಪ್ರತಿ ಬಣ್ಣದ ಮಧ್ಯಬಿಂದುವಿನವರೆಗಿನ ದೂರವನ್ನು ನೀರು ಸಾಗಿದ ದೂರದಿಂದ ಭಾಗಿಸಿ. ಈ ಭಾಗಲಬ್ಧವೇ ಆ ಬಣ್ಣದ ಆರ್‌ಎಫ್ ಮೌಲ್ಯ. ನೀರು 8 ಸೆಂ.ಮೀ., ನೀಲಿ 6 ಸೆಂ.ಮೀ. ಏರಿದ್ದರೆ ನೀಲಿಯ ಆರ್‌ಎಫ್ ಮೌಲ್ಯ 0.75. ಅದು 1ಕ್ಕಿಂತ ಹೆಚ್ಚು ಬಂದರೆ ಅಳತೆಯಲ್ಲಿಯೇ ತಪ್ಪಿದೆ ಎಂದು ತಿಳಿಯಿರಿ. ದ್ರಾವಕ (ಇಲ್ಲಿ ನೀರು), ಕಾಗದ, ಉಷ್ಣತೆ ಬದಲಾದರೆ ಮೌಲ್ಯವೂ ಬದಲಾಗುವುದರಿಂದ, ಎರಡು ಶಾಯಿಗಳನ್ನು ಹೋಲಿಸಬೇಕಿದ್ದರೆ ಒಂದೇ ಕಾಗದದ ಮೇಲೆ ಅಕ್ಕಪಕ್ಕ ಇಡುವುದೇ ಸರಿ.

ಕ್ರೊಮ್ಯಾಟೋಗ್ರಫಿ ಎಂಬ ಹೆಸರಿನಲ್ಲಿ ವರ್ಣವಿದ್ದರೂ (ಗ್ರೀಕ್‌ನಲ್ಲಿ ‘ಕ್ರೋಮಾ’ ಎಂದರೆ ಬಣ್ಣ) ಈ ವಿಧಾನ ಬಣ್ಣಕ್ಕೆ ಸೀಮಿತವಲ್ಲ. 1944ರಲ್ಲಿ ವಿಜ್ಞಾನಿಗಳಾದ ಕಾನ್ಸ್‌ಡನ್, ಗಾರ್ಡನ್ ಮತ್ತು ಮಾರ್ಟಿನ್ ಇದರಿಂದ ಬೇರ್ಪಡಿಸಿದ ಅಮೈನೋ ಆಮ್ಲಗಳು ಬಣ್ಣವಿಲ್ಲದವು. ಅವು ನಿಂತ ಜಾಗ ಕಾಣಬೇಕಾದರೆ ಕಾಗದದ ಮೇಲೆ ನಿನ್‌ಹೈಡ್ರಿನ್ ಎಂಬ ರಾಸಾಯನಿಕವನ್ನು ಸಿಂಪಡಿಸಿ ಬಿಸಿ ಮಾಡಬೇಕು; ಆಗ ನೇರಳೆ ಚುಕ್ಕೆಗಳು ಮೂಡುತ್ತವೆ.